ಆಮ್ಲದ ತೊಟ್ಟಿಯಲ್ಲಿ ಮೂಡಿದ ಜೇನುಗೂಡು

ನಾಗಪುರದಿಂದ ಅಮರಾವತಿ ರಸ್ತೆ ಹಿಡಿದು ಹೊರಟರೆ ಊರಿನ ಅಂಚಿನಲ್ಲಿ ವಾಡಿ ಸಿಗುತ್ತದೆ. ಕನ್ನಡಿಗರಿಗೆ ವಾಡಿ ಎಂದರೆ ಕಲಬುರಗಿ ಜಿಲ್ಲೆಯ ರೈಲ್ವೆ ಜಂಕ್ಷನ್ನು, ಸಿಮೆಂಟ್ ಕಾರ್ಖಾನೆ. ಇದು ಬೇರೆ, ವಿದರ್ಭದ ವಾಡಿ. ಹತ್ತಿರದಲ್ಲೇ ಅಂಬಾಝರಿಯ ಆರ್ಡ್‌ನನ್ಸ್ ಫ್ಯಾಕ್ಟರಿ ಇದೆ. ಈ ವಾಡಿಯಲ್ಲಿಯೇ ಜವಾಹರಲಾಲ್ ನೆಹರೂ ಅಲ್ಯೂಮಿನಿಯಂ ಸಂಶೋಧನೆ, ಅಭಿವೃದ್ಧಿ ಮತ್ತು ವಿನ್ಯಾಸ ಕೇಂದ್ರವೂ ಇದೆ. ಕೇಂದ್ರ ಗಣಿ ಸಚಿವಾಲಯ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಒಟ್ಟಾಗಿ 1989ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಬಾಕ್ಸೈಟ್ ಅದಿರು, ಅದರಿಂದ ತೆಗೆಯುವ ಅಲ್ಯುಮಿನಾ, ಅಲ್ಯುಮಿನಾದಿಂದ ತೆಗೆಯುವ ಲೋಹ, ಉಳಿಯುವ ಕೆಂಪು ಕೆಸರು, ಕೊನೆಗೆ ಗುಜರಿಯ ಮರುಬಳಕೆ, ಹೀಗೆ ಒಂದೇ ಲೋಹದ ಇಡೀ ಬದುಕನ್ನು ಹಿಂಬಾಲಿಸುವುದು ಅದರ ಕೆಲಸ.

ಅದೇ ಆವರಣದಲ್ಲಿ ಇನ್ನೊಂದು ಸಂಸ್ಥೆಯ ಪ್ರಯೋಗಾಲಯವೂ ನಡೆಯುತ್ತಿತ್ತು: ರಾಷ್ಟ್ರೀಯ ಗಣಿ ಕಾರ್ಮಿಕರ ಆರೋಗ್ಯ ಸಂಸ್ಥೆ. ಅದು 1990ರಲ್ಲಿ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. 2019ರಲ್ಲಿ ಅದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಜೊತೆ ವಿಲೀನ ಮಾಡಲು ಕೇಂದ್ರ ಸಂಪುಟ ತೀರ್ಮಾನಿಸಿತು. ಲೋಹವನ್ನು ನೋಡುವವರೂ ಗಣಿ ಕಾರ್ಮಿಕನ ಶ್ವಾಸಕೋಶವನ್ನು ನೋಡುವವರೂ ಹೀಗೆ ಒಂದೇ ವಿಳಾಸದಲ್ಲಿದ್ದದ್ದು ಆಡಳಿತದ ಅನುಕೂಲಕ್ಕೇ ಇರಬಹುದು. ಆದರೆ ಘನವಸ್ತುವಿನ ಮೈಮೇಲೆ ನ್ಯಾನೋ ಅಳತೆಯ ಕುಳಿ, ಕಂಬ, ಗೀರು ಮೂಡಿಸಿ ಅದನ್ನು ಮನುಷ್ಯನ ದೇಹಕ್ಕೆ ಒಗ್ಗಿಸುವ ವಿದ್ಯೆಯ ಚರಿತ್ರೆಯನ್ನು ಓದುವಾಗ ನನಗೆ ಈ ವಿಳಾಸ ನೆನಪಾಗುತ್ತದೆ. ಆ ಚರಿತ್ರೆಯೂ ಎರಡು ಕವಲಿನದು. ಲೋಹದವರು ಒಂದು ಕಡೆ, ಜೀವಕೋಶದವರು ಇನ್ನೊಂದು ಕಡೆ, ಹತ್ತಿರ ಹತ್ತಿರ ಒಂದು ಶತಮಾನ ತಮ್ಮ ತಮ್ಮ ಪಾಡಿಗೆ ನಡೆದರು. ಅವರು ಭೇಟಿಯಾಗಲು ತಡವಾಯಿತು. ಆ ತಡ ಅನಗತ್ಯವಾಗಿತ್ತು ಎಂಬುದು ನನ್ನ ನಂಬಿಕೆ.

ಮೇಲ್ಮೈ ಎಂಬುದು ದೇಹಕ್ಕೆ ಎಷ್ಟು ಮುಖ್ಯ ಎಂಬುದನ್ನು ಕನ್ನಡ ನಾಡು ಬಲು ಕ್ರೂರವಾದ ರೀತಿಯಲ್ಲಿ ಕಲಿತಿದೆ. ಕೋಲಾರದ ಗಣಿಯ ಬಂಡೆಯಲ್ಲಿ ಸ್ಫಟಿಕಶಿಲೆ ಹೇರಳ. ಅದನ್ನು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಕಸ ಗುಡಿಸುವ ಬಿಳಿ ರಕ್ತಕಣ ಅದನ್ನು ನುಂಗುತ್ತದೆ. ನುಂಗಿದ್ದು ಅರಗದೆ ತಾನೇ ಸಾಯುತ್ತದೆ. ಸತ್ತ ಜಾಗದಲ್ಲಿ ಗಾಯ, ಗಾಯದ ಮೇಲೆ ಗಾಯ, ಕೊನೆಗೆ ಸಿಲಿಕೋಸಿಸ್. 1940ರಿಂದ 1946ರವರೆಗೆ ಇದೇ ಗಣಿಯಲ್ಲಿ ಕ್ಯಾಪ್ಲನ್ ಮತ್ತು ಬರ್ಡನ್ ನಡೆಸಿದ ತಪಾಸಣೆಯಲ್ಲಿ 7,653 ಕಾರ್ಮಿಕರ ಪೈಕಿ ಪ್ರತಿ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಜನರಿಗೆ ಈ ರೋಗ ಕಂಡಿತು. ಈಗ ತಾನೆ ಒಡೆದ ಸಿಲಿಕಾ ಕಣ ಹಳೆಯ ಕಣಕ್ಕಿಂತ ಹೆಚ್ಚು ಅಪಾಯಕಾರಿ. ರಾಸಾಯನಿಕವಾಗಿ ಎರಡೂ ಒಂದೇ, ವ್ಯತ್ಯಾಸ ಇರುವುದು ಹೊರಮೈಯಲ್ಲಿ.

ಅಲ್ಯೂಮಿನಿಯಂ ಈ ಕತೆಯೊಳಕ್ಕೆ ಬಂದದ್ದು ಕೆನಡಾದ ಒಂಟಾರಿಯೊದಲ್ಲಿ. ಅಲ್ಯೂಮಿನಿಯಂ ಪುಡಿ ಸಿಲಿಕಾ ಕಣದ ಹೊರಮೈಗೆ ಲೇಪವಾಗಿ ಕೂತು ಅದರ ವಿಷವನ್ನು ತಗ್ಗಿಸುತ್ತದೆ ಎಂದು 1930ರ ದಶಕದಲ್ಲಿ ಮೊಲಗಳ ಮೇಲಿನ ಪ್ರಯೋಗಗಳು ಹೇಳಿದವು. ಅಷ್ಟಕ್ಕೇ ಮ್ಯಾಕಿಂಟೈರ್ ಪೌಡರ್ ಎಂಬ ಹೆಸರಿನ ಕಪ್ಪು ಪುಡಿಯನ್ನು 1943ರಿಂದ 1979ರವರೆಗೆ ಗಣಿ ಕಾರ್ಮಿಕರಿಗೆ ಪಾಳಿಗೆ ಇಳಿಯುವ ಮುನ್ನ ಉಸಿರಾಡಿಸಿದರು. ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿ ಪುಡಿ ಹಾರಿಸುತ್ತಿದ್ದರು. ರೋಗ ತಪ್ಪಲಿಲ್ಲ. ಅಲ್ಯೂಮಿನಿಯಂ ಮಾತ್ರ ಅವರ ದೇಹಕ್ಕೆ ಸೇರಿತು, ಮುಂದೆ ಅದರ ನಂಟು ಪಾರ್ಕಿನ್ಸನ್ ಕಾಯಿಲೆಯೊಂದಿಗೂ ಬೆಸೆದುಕೊಂಡಿತು. ದೇಹ ಮುಟ್ಟಿ ನೋಡುವುದು ಹೊರಮೈಯನ್ನು ಎಂಬ ತಿಳಿವಳಿಕೆ ಸರಿಯಾಗಿಯೇ ಇತ್ತು. ಅದನ್ನು ಪ್ರಯೋಗಿಸಿದ ರೀತಿ ಅನ್ಯಾಯದ್ದು, ಬಡ ಕಾರ್ಮಿಕನ ಮೇಲೆ ನಡೆದದ್ದು.

ಇನ್ನು ಲೋಹದ ಕವಲಿಗೆ ಬರೋಣ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಮನೆಯ ಪಾತ್ರೆಗೆ ಅಷ್ಟು ಸಾಕು, ಸಮುದ್ರದ ಉಪ್ಪುನೀರಿನ ಮೇಲೆ ಇಳಿಯುವ ವಿಮಾನಕ್ಕೆ ಸಾಲದು. 1923ರಲ್ಲಿ ಬ್ರಿಟನ್ನಿನ ಬೆಂಗೋ ಮತ್ತು ಸ್ಟುವರ್ಟ್, ಡ್ಯೂರಾಲುಮಿನ್ ಮಿಶ್ರಲೋಹದ ವಿಮಾನದ ಭಾಗಗಳನ್ನು ಕ್ರೋಮಿಕ್ ಆಮ್ಲದಲ್ಲಿ ಅದ್ದಿ ಅವುಗಳಿಗೆ ಬ್ಯಾಟರಿಯ ಧನ ತುದಿಯನ್ನು ಜೋಡಿಸಿದರು. ಆ ಆಕ್ಸೈಡ್ ಪದರ ದಪ್ಪವಾಗಿ ಬೆಳೆಯಿತು. ಅನೋಡೈಸಿಂಗ್ ಎಂಬ ಕಸುಬು ಶುರುವಾದದ್ದು ಹೀಗೆ. 1927ರ ಹೊತ್ತಿಗೆ ಅಗ್ಗದ ಸಲ್ಫ್ಯೂರಿಕ್ ಆಮ್ಲ ಬಂತು, ಕಸುಬು ಊರೂರಿಗೆ ಹಬ್ಬಿತು.

ಇವತ್ತು ಬೆಂಗಳೂರಿನ ಪೀಣ್ಯದಲ್ಲಿ ಅನೋಡೈಸಿಂಗ್ ಮಾಡಿಕೊಡುವ ಶೆಡ್‌ಗಳಿವೆ. ಕಿಟಕಿಯ ಚೌಕಟ್ಟು, ಯಂತ್ರದ ಬಿಡಿಭಾಗ, ಏನು ಕೊಟ್ಟರೂ ಕಾಸ್ಟಿಕ್‌ನಲ್ಲಿ ತೊಳೆದು, ಸಲ್ಫ್ಯೂರಿಕ್ ತೊಟ್ಟಿಯಲ್ಲಿ ಇಳಿಬಿಟ್ಟು, ಹದಿನೈದು ಹದಿನೆಂಟು ವೋಲ್ಟ್ ಕೊಟ್ಟು, ಬಣ್ಣದ ತೊಟ್ಟಿಗೆ ಹಾಕಿ, ಕೊನೆಗೆ ಕುದಿಯುವ ನೀರಿನಲ್ಲಿ ಸೀಲ್ ಮಾಡುತ್ತಾರೆ. ಬಣ್ಣ ಹಿಡಿಯುವುದು ಯಾಕೆ? ಆ ಪದರದಲ್ಲಿ ಲಕ್ಷೋಪಲಕ್ಷ ರಂಧ್ರಗಳಿವೆ. ಪ್ರತಿ ರಂಧ್ರದ ಅಗಲ ಹತ್ತಿಪ್ಪತ್ತು ನ್ಯಾನೋಮೀಟರ್. ಬಣ್ಣ ಅದರೊಳಗೆ ಇಳಿಯುತ್ತದೆ, ಕುದಿನೀರು ಆಕ್ಸೈಡನ್ನು ಉಬ್ಬಿಸಿ ಬಾಯಿ ಮುಚ್ಚುತ್ತದೆ. ನ್ಯಾನೋ ತಂತ್ರಜ್ಞಾನ ಎಂಬ ಮಾತು ಹುಟ್ಟುವ ಎಷ್ಟೋ ಮೊದಲು ಕಾರ್ಖಾನೆಯ ಕೆಲಸಗಾರರು ನ್ಯಾನೋ ವಿನ್ಯಾಸವನ್ನು ಚದರಡಿ ಲೆಕ್ಕದಲ್ಲಿ ಮಾಡಿ ಕೊಡುತ್ತಿದ್ದರು.

ಆ ರಂಧ್ರಗಳನ್ನು ಕಣ್ಣಿಗೆ ಕಾಣಿಸಿದವರು ಅಮೆರಿಕದ ಅಲ್ಕೋವಾ ಕಂಪನಿಯ ಪ್ರಯೋಗಾಲಯದ ಕೆಲ್ಲರ್, ಹಂಟರ್ ಮತ್ತು ರಾಬಿನ್ಸನ್. 1953ರಲ್ಲಿ ಪ್ರಕಟವಾದ ಅವರ ಪ್ರಬಂಧ ನನ್ನ ಪ್ರಕಾರ ಈ ಚರಿತ್ರೆಯ ನಿಜವಾದ ತಿರುವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆಕ್ಸೈಡ್ ಪದರ ಷಟ್ಕೋನದ ಕೋಶಗಳಿಂದಾದದ್ದು, ಪ್ರತಿ ಕೋಶದ ನಡುವೆ ಒಂದು ರಂಧ್ರ ನೇರ ಕೆಳಗಿಳಿದಿದೆ ಎಂದು ಅವರು ತೋರಿಸಿದರು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು: ಕೋಶದ ಗಾತ್ರ ಎಷ್ಟು ವೋಲ್ಟ್ ಕೊಟ್ಟಿರಿ ಎಂಬುದರ ಮೇಲೆ ನಿಂತಿದೆ. ವೋಲ್ಟ್ ಹೆಚ್ಚಿಸಿದರೆ ಕೋಶ ದೊಡ್ಡದಾಗುತ್ತದೆ, ಇಳಿಸಿದರೆ ಚಿಕ್ಕದು. ಸ್ಥೂಲವಾಗಿ ಒಂದು ವೋಲ್ಟಿಗೆ ಎರಡೂವರೆ ನ್ಯಾನೋಮೀಟರ್ ಅಂತರ. ಒಂದು ಗುಂಡಿ ತಿರುಗಿಸಿ ನ್ಯಾನೋಮೀಟರ್ ಅಳತೆಯ ವಿನ್ಯಾಸವನ್ನು ಬದಲಿಸಬಹುದೆಂದು 1953ರಲ್ಲೇ ಗೊತ್ತಿತ್ತು. 1970ರಲ್ಲಿ ಮ್ಯಾಂಚೆಸ್ಟರಿನ ಓ'ಸಲಿವನ್ ಮತ್ತು ವುಡ್ ಅದರ ಕಾರಣವನ್ನೂ ಬಿಡಿಸಿ ಬರೆದರು: ರಂಧ್ರದ ತಳದಲ್ಲಿ ವಿದ್ಯುತ್ ಕ್ಷೇತ್ರ ಅತಿ ತೀವ್ರವಾಗಿರುವುದರಿಂದ ಅಲ್ಲಿ ಆಕ್ಸೈಡ್ ಒಂದು ಕಡೆ ಕರಗುತ್ತಲೇ ಇನ್ನೊಂದು ಕಡೆ ಬೆಳೆಯುತ್ತದೆ.

ಈ ಕೋಶಗಳನ್ನು ಸಾಲಾಗಿ, ಅಚ್ಚುಕಟ್ಟಾಗಿ ನಿಲ್ಲಿಸಿದ ಕೀರ್ತಿ ಟೋಕಿಯೊದ ಹಿದೆಕಿ ಮಸುದ ಅವರದು. 1995ರಲ್ಲಿ ಕೆಂಜಿ ಫುಕುದ ಜೊತೆ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಅವರು ಜೇನುಗೂಡಿನಂತೆ ಕ್ರಮಬದ್ಧವಾದ ಅಲ್ಯುಮಿನಾವನ್ನು ತೋರಿಸಿ, ಅದರದೇ ಪಡಿಯಚ್ಚನ್ನು ಚಿನ್ನ, ಪ್ಲಾಟಿನಂನಲ್ಲಿ ತೆಗೆದರು. ಮರುವರ್ಷ ಬಂದ ಎರಡು ಹಂತದ ವಿಧಾನ ಇನ್ನೂ ಸರಳ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅತಿ ಶುದ್ಧ ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ಎಣ್ಣೆಪಸೆ ಹೋಗುವಂತೆ ತೊಳೆದು, ಪರ್‌ಕ್ಲೋರಿಕ್ ಆಮ್ಲ ಮತ್ತು ಆಲ್ಕೋಹಾಲಿನ ದ್ರಾವಣದಲ್ಲಿ ವಿದ್ಯುತ್ತಿನಿಂದಲೇ ಕನ್ನಡಿಯ ಹೊಳಪು ಬರುವವರೆಗೆ ನಯಮಾಡುತ್ತಾರೆ. ಆಮೇಲೆ ತಣ್ಣಗಿನ ಆಕ್ಸಾಲಿಕ್ ಆಮ್ಲದಲ್ಲಿ ಇಳಿಬಿಟ್ಟು 40 ವೋಲ್ಟ್ ಕೊಡುತ್ತಾರೆ. ಆಗ ಆಂಪಿಯರ್ ಮೀಟರ್ ನೋಡುತ್ತಾ ಕೂರಬೇಕು. ಮೊದಲು ಕರೆಂಟು ಸರ್ರನೆ ಇಳಿಯುತ್ತದೆ: ಲೋಹದ ಮೇಲೆ ರಂಧ್ರವಿಲ್ಲದ ಪದರ ಕಟ್ಟುತ್ತಿದೆ. ತಳ ಮುಟ್ಟಿ ಮತ್ತೆ ಮೇಲೇರುತ್ತದೆ: ರಂಧ್ರಗಳು ಬಾಯಿ ತೆರೆಯುತ್ತಿವೆ. ಆಮೇಲೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ: ರಂಧ್ರಗಳು ಒಂದನ್ನೊಂದು ಒತ್ತುತ್ತಾ ಆಳಕ್ಕೆ ಇಳಿಯುತ್ತಿವೆ. ಲೋಹ ಆಕ್ಸೈಡಾಗುವಾಗ ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಪಕ್ಕದಲ್ಲಿ ಜಾಗವಿಲ್ಲ. ಆ ಒತ್ತಡದಲ್ಲೇ ಕೋಶಗಳು ಸರಿದು ಸರಿದು ಷಟ್ಕೋನಕ್ಕೆ ಬರುತ್ತವೆ. ಗಂಟೆಗಟ್ಟಲೆ ಬೆಳೆಸಿದ ಈ ಪದರವನ್ನು ಕ್ರೋಮಿಕ್ ಮತ್ತು ಫಾಸ್ಫಾರಿಕ್ ಆಮ್ಲಗಳ ಮಿಶ್ರಣದಲ್ಲಿ ಪೂರ್ತಿ ಕರಗಿಸಿಬಿಡುತ್ತಾರೆ. ಉಳಿಯುವುದು ಬರೀ ಲೋಹ, ಆದರೆ ಅದರ ಮೈಮೇಲೆ ಪ್ರತಿ ರಂಧ್ರದ ತಳ ಒತ್ತಿದ ಗುಳಿ ಇರುತ್ತದೆ. ಎರಡನೇ ಸಲ ಅದೇ ಆಮ್ಲದಲ್ಲಿ ಅದೇ 40 ವೋಲ್ಟ್ ಕೊಟ್ಟರೆ ಆ ಗುಳಿಗಳಿಂದಲೇ ಹೊಸ ರಂಧ್ರಗಳು ಹೊರಡುತ್ತವೆ, ಮೊದಲಿಂದ ಕೊನೆಯವರೆಗೆ ನೆಟ್ಟಗೆ, ನೂರು ನ್ಯಾನೋಮೀಟರಿಗೊಂದರಂತೆ. ಸಲ್ಫ್ಯೂರಿಕ್ ಆಮ್ಲದಲ್ಲಿ 25 ವೋಲ್ಟಿಗೆ ಅಂತರ ಅರವತ್ತರ ಆಸುಪಾಸು, ಫಾಸ್ಫಾರಿಕ್‌ನಲ್ಲಿ 195 ವೋಲ್ಟಿಗೆ ಐನೂರು.

ಇಲ್ಲಿ ವಿನ್ಯಾಸವನ್ನು ಯಾರೂ ಬರೆದದ್ದಲ್ಲ. ಸಿಲಿಕಾನ್ ಚಿಪ್ಪಿನ ಮೂಲ ಅಚ್ಚು ಮಾಡುವವರು ಎಲೆಕ್ಟ್ರಾನ್ ಕಿರಣದಿಂದ ಒಂದೊಂದೇ ಗೆರೆ ಗೀಚುತ್ತಾರೆ. ಅದಕ್ಕೆ ಕೋಟ್ಯಂತರ ರೂಪಾಯಿಯ ಯಂತ್ರ ಬೇಕು, ದೂಳಿಲ್ಲದ ಕೋಣೆ ಬೇಕು, ಉಗುರಗಲ ಬರೆಯಲು ಗಂಟೆಗಳು ಬೇಕು. ಅನೋಡೈಸಿಂಗಿಗೆ ಬೀಕರು, ಆಮ್ಲ, ಮಂಜುಗಡ್ಡೆ, ಒಂದು ಪವರ್ ಸಪ್ಲೈ ಸಾಕು. ನಮ್ಮಂಥ ದೇಶದ ಕಾಲೇಜು ಪ್ರಯೋಗಾಲಯಕ್ಕೂ ಎಟುಕುವ ವಿದ್ಯೆ ಇದು ಎಂಬುದು ನನಗೆ ಇದರಲ್ಲಿ ಅತಿ ಪ್ರಿಯವಾದ ಸಂಗತಿ.

ಜೀವಕೋಶದವರ ಕವಲು ಇದಕ್ಕಿಂತ ಹಳೆಯದು. ಅಮೆರಿಕದ ರಾಸ್ ಹ್ಯಾರಿಸನ್ ಭ್ರೂಣದ ಜೀವಕೋಶಗಳನ್ನು ಜೇಡರ ಬಲೆಯ ಎಳೆಗಳ ಮೇಲೆ ಬೆಳೆಸಿ, ಅವು ಎಳೆಯ ಜಾಡನ್ನೇ ಹಿಡಿದು ಸಾಗುತ್ತವೆ ಎಂದು 1914ರಲ್ಲಿ ಬರೆದರು. 1940ರ ದಶಕದಲ್ಲಿ ಪಾಲ್ ವೈಸ್ ಅದನ್ನು ಸ್ಪರ್ಶದ ಮಾರ್ಗದರ್ಶನ ಎಂದು ಕರೆದರು. 1964ರಲ್ಲಿ ಆಡಂ ಕರ್ಟಿಸ್ ಮತ್ತು ಎಂ. ವರ್ಡೆ, ಜೀವಕೋಶದ ನಡವಳಿಕೆಯನ್ನು ಅದು ಕೂತ ನೆಲದ ಏರುತಗ್ಗು ಆಳುತ್ತದೆ ಎಂದು ಪ್ರಬಂಧದ ಶೀರ್ಷಿಕೆಯಲ್ಲೇ ಸಾರಿದರು. ಕರ್ಟಿಸ್ ಮುಂದೆ ಗ್ಲಾಸ್ಗೋಗೆ ಹೋದರು. ಅಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಕ್ರಿಸ್ ವಿಲ್ಕಿನ್ಸನ್ ಜೊತೆಯಾದರು. ಚಿಪ್ ಮಾಡುವ ಉಪಕರಣದಿಂದ ಜೀವಕೋಶಕ್ಕೆ ಮೆಟ್ಟಿಲು, ಗೀರು, ಕುಳಿ ಕೆತ್ತಿಕೊಡುವ ಕೆಲಸ 1980ರ ದಶಕದಲ್ಲಿ ಅಲ್ಲಿ ಶುರುವಾಯಿತು.

ಆಸ್ಪತ್ರೆಯವರದು ಮತ್ತೊಂದು ಜಾಡು. ಸ್ವೀಡನ್ನಿನ ಪರ್-ಇಂಗ್‌ವರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ಕೂರಿಸಿದ್ದ ಟೈಟಾನಿಯಂ ಸಾಧನ ಕೀಳಲು ಹೋದರೆ ಬರಲೇ ಇಲ್ಲ, ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. ಅದು 1952ರ ಮಾತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಗೋಸ್ಟಾ ಲಾರ್ಸನ್ ಎಂಬವರ ದವಡೆಗೆ ಟೈಟಾನಿಯಂ ಬೇರುಗಳನ್ನು ನೆಟ್ಟರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. 1970ರಲ್ಲಿ ಫ್ರಾನ್ಸಿನ ಪಿಯೆರ್ ಬೂಟಾನ್ ಸೊಂಟದ ಕೃತಕ ಕೀಲಿಗೆ ಅಲ್ಯುಮಿನಾ ಪಿಂಗಾಣಿ ಬಳಸಿದರು. ಅಲ್ಯೂಮಿನಿಯಂ ಲೋಹವನ್ನು ದೇಹದೊಳಗೆ ಇಡಲಾಗದು, ಗಟ್ಟಿಯಾಗಿ ಸುಟ್ಟ ಅದರ ಆಕ್ಸೈಡನ್ನು ಇಡಬಹುದು ಎಂಬುದು ಅಲ್ಲಿಗೆ ಸ್ಥಿರವಾಯಿತು.

ಎರಡು ಕವಲು ಕೂಡಿದ್ದು 2000ದ ಆಚೆಗೆ. ಜೀವಕೋಶದ ಗಾತ್ರ ಹತ್ತು ಇಪ್ಪತ್ತು ಮೈಕ್ರೋಮೀಟರ್. ಅದಕ್ಕೆ ನೂರು ನ್ಯಾನೋಮೀಟರಿನ ಗುಳಿ ಗೊತ್ತಾಗುವುದಾದರೂ ಹೇಗೆ? ಜೀವಕೋಶದ ಹೊರಪೊರೆಯಲ್ಲಿ ಇಂಟಿಗ್ರಿನ್ ಎಂಬ ಪ್ರೋಟೀನುಗಳಿವೆ, ಒಂದೊಂದೂ ಹತ್ತು ನ್ಯಾನೋಮೀಟರ್ ಅಗಲ. ನೆಲವನ್ನು ಹಿಡಿಯುವುದು ಇವೇ. ಒಂದು ಹಿಡಿದರೆ ಸಾಲದು, ಹಲವು ಗುಂಪುಗೂಡಬೇಕು. ಜರ್ಮನಿಯ ಯೋಆಕಿಮ್ ಸ್ಪಾಟ್ಸ್ ತಂಡ 2004ರಲ್ಲಿ ಚಿನ್ನದ ಚುಕ್ಕೆಗಳನ್ನು ಬೇರೆ ಬೇರೆ ಅಂತರದಲ್ಲಿಟ್ಟು ನೋಡಿತು. ಒಂದು ಚುಕ್ಕೆಗೆ ಒಂದೇ ಇಂಟಿಗ್ರಿನ್ ಕೂರುವಷ್ಟು ಜಾಗ. ಚುಕ್ಕೆಗಳ ನಡುವೆ 58 ನ್ಯಾನೋಮೀಟರ್ ಇದ್ದಾಗ ಜೀವಕೋಶ ಗಟ್ಟಿಯಾಗಿ ಕಚ್ಚಿಕೊಂಡಿತು. 73 ಆದರೆ ಹಿಡಿತ ಸಡಿಲ. ಹದಿನೈದು ನ್ಯಾನೋಮೀಟರಿನ ವ್ಯತ್ಯಾಸ ಅದಕ್ಕೆ ಗೊತ್ತಾಗುತ್ತದೆ.

ಅಲ್ಕೋವಾದ ಚಿತ್ರ ಬಂದು ಐವತ್ತು ವರ್ಷವಾದ ಮೇಲೆ, 2003ರಲ್ಲಿ, ಸ್ವೀಡನ್ನಿನ ಉಪ್ಸಾಲದ ಕಾರ್ಲ್‌ಸನ್ ಮತ್ತು ಸಂಗಡಿಗರು ಮೂಳೆ ಕಟ್ಟುವ ಜೀವಕೋಶಗಳನ್ನು ರಂಧ್ರಮಯ ಅಲ್ಯುಮಿನಾದ ಮೇಲೆ ಬೆಳೆಸಿದರು. ಅವು ಚಪ್ಪಟೆಯಾಗಿ ಹರಡಿ ತಮ್ಮ ಎಳೆಬೆರಳುಗಳನ್ನು ರಂಧ್ರಗಳಿಗೆ ಆನಿಸಿ ನಿಂತವು. ಮುಂದಿನ ವರ್ಷ ಆಕ್ಸ್‌ಫರ್ಡ್ ಮತ್ತು ಉಪ್ಸಾಲದವರು ಸೇರಿ ಟೈಟಾನಿಯಂ ಮೇಲೆ ಇದೇ ಪದರವನ್ನು ಭದ್ರವಾಗಿ ಕೂರಿಸುವ ಬಗೆ ಹೇಳಿದರು. ಅಷ್ಟರಲ್ಲಿ ಟೈಟಾನಿಯಂ ತಾನೇ ಅನೋಡೈಸಿಂಗಿನ ತೊಟ್ಟಿಗೆ ಇಳಿದಿತ್ತು. ಅದು ಹೊಸತಲ್ಲ, ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ ಎ.ಕೆ. ಶರ್ಮಾ ಬಾಹ್ಯಾಕಾಶದ ಬಳಕೆಗೆಂದು ಟೈಟಾನಿಯಂ ಅನೋಡೈಸಿಂಗ್ ಬಗ್ಗೆ 1992ರಲ್ಲೇ ಬರೆದಿದ್ದರು. ಆಮ್ಲಕ್ಕೆ ಫ್ಲೋರೈಡ್ ಬೆರೆಸಿದರೆ ಟೈಟಾನಿಯಂ ಮೇಲೆ ಬಿಡಿಬಿಡಿ ಕೊಳವೆಗಳು ಎದ್ದು ನಿಲ್ಲುತ್ತವೆ ಎಂಬುದು 1999ರಿಂದ 2001ರ ನಡುವೆ ಸ್ಪಷ್ಟವಾಯಿತು. ಅಲ್ಲೂ ಕೊಳವೆಯ ಅಗಲವನ್ನು ನಿರ್ಧರಿಸುವುದು ವೋಲ್ಟೇ.

ಎಷ್ಟು ಅಗಲ ಒಳ್ಳೆಯದು ಎಂಬಲ್ಲಿ ಜಗಳ ಬಂತು. ಜರ್ಮನಿಯ ಎರ್ಲಾಂಗನ್‌ನ ಪಾರ್ಕ್, ಫಾನ್ ಡೆರ್ ಮಾರ್ಕ್ ಮತ್ತು ಶ್ಮುಕಿ 2007ರಲ್ಲಿ, 15 ನ್ಯಾನೋಮೀಟರಿನ ಕೊಳವೆಯ ಮೇಲೆ ಕಾಂಡಕೋಶಗಳು (ಸ್ಟೆಮ್ ಸೆಲ್) ಚೆನ್ನಾಗಿ ಹಿಡಿದು ಬೆಳೆಯುತ್ತವೆ, ನೂರರ ಮೇಲೆ ಸಾಯತೊಡಗುತ್ತವೆ ಎಂದರು. ಸ್ಯಾನ್ ಡಿಯಾಗೊದ ಸುಂಗ್‌ಹೋ ಜಿನ್ ತಂಡ 2009ರಲ್ಲಿ ಉಲ್ಟಾ ಹೇಳಿತು: 70ರಿಂದ 100ರ ಕೊಳವೆಯ ಮೇಲೆ ಕಾಂಡಕೋಶ ಉದ್ದಕ್ಕೆ ಎಳೆದುಕೊಂಡು ಮೂಳೆಯ ಕೋಶವಾಗಿ ಮಾರ್ಪಡುತ್ತದೆ. ಒಬ್ಬರದು ಇಲಿಯ ಕೋಶ, ಇನ್ನೊಬ್ಬರದು ಮನುಷ್ಯನದು. ಕಾಯಿಸಿದ ರೀತಿ ಬೇರೆ, ಹರಳಿನ ರೂಪ ಬೇರೆ. ವ್ಯಾಸವೊಂದನ್ನೇ ಹಿಡಿದು ವಾದಿಸುವುದು ಸಾಲದು ಎಂದು ಈ ಕ್ಷೇತ್ರ ಕಲಿತದ್ದು ಇಂಥ ಭಿನ್ನಮತದಿಂದಲೇ.

ಗ್ಲಾಸ್ಗೋದಿಂದ 2007ರಲ್ಲಿ ಬಂದ ಫಲಿತಾಂಶ ಇನ್ನೂ ಬೆರಗಿನದು. ಮ್ಯಾಥ್ಯೂ ಡಾಲ್ಬಿ ಮತ್ತು ಸಂಗಡಿಗರು ಪ್ಲಾಸ್ಟಿಕ್ಕಿನ ಮೇಲೆ 120 ನ್ಯಾನೋಮೀಟರ್ ಅಗಲದ ಗುಳಿಗಳನ್ನು 300 ನ್ಯಾನೋಮೀಟರಿಗೊಂದರಂತೆ ಚೌಕವಾಗಿ ಜೋಡಿಸಿದರು. ಕಾಂಡಕೋಶಗಳು ಸುಮ್ಮನಿದ್ದವು. ಅದೇ ಗುಳಿಗಳನ್ನು ಆಚೀಚೆ 50 ನ್ಯಾನೋಮೀಟರಿನಷ್ಟು ಅಡ್ಡಾದಿಡ್ಡಿ ಸರಿಸಿದಾಗ, ಯಾವ ಔಷಧ ಹಾಕದಿದ್ದರೂ ಅವು ಮೂಳೆಯ ಖನಿಜ ಕಟ್ಟತೊಡಗಿದವು. ಮಸುದ ಅವರು ವರ್ಷಗಟ್ಟಲೆ ದುಡಿದು ಸಾಧಿಸಿದ್ದು ಪೂರ್ಣ ಕ್ರಮ. ಮೂಳೆಗೆ ಬೇಕಾದದ್ದು ಕ್ರಮದಲ್ಲಿ ಒಂಚೂರು ತಪ್ಪು. ಪೀಣ್ಯದ ತೊಟ್ಟಿಯಿಂದ ಬರುವ ಒಂದೇ ಹಂತದ ಪದರದಲ್ಲಿ ರಂಧ್ರಗಳ ಸಾಲು ಎಂದೂ ಅಷ್ಟು ನೇರ ಇರುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಕತೆಗೆ ಸೇರಿದ್ದು ಕೀಟಗಳ ರೆಕ್ಕೆಯ ಮೂಲಕ. ಮೆಲ್ಬರ್ನ್‌ನ ಎಲೆನಾ ಇವನೋವಾ ತಂಡ, ಜೀರುಂಡೆಯ ರೆಕ್ಕೆಯ ಮೇಲಿನ ನ್ಯಾನೋ ಕಂಬಗಳು ಬ್ಯಾಕ್ಟೀರಿಯಾವನ್ನು ಹರಿದು ಕೊಲ್ಲುತ್ತವೆ ಎಂದು 2012ರಲ್ಲಿ ತೋರಿಸಿತ್ತು. ವಿಷವಿಲ್ಲ, ಔಷಧವಿಲ್ಲ, ಬರೀ ಆಕಾರ. ಆ ತಂಡದಲ್ಲಿದ್ದ ಜಾಫರ್ ಹಸನ್ ಬೆಂಗಳೂರಿಗೆ ಬಂದು ಕೌಶಿಕ್ ಚಟರ್ಜಿ ಅವರ ಪ್ರಯೋಗಾಲಯದಲ್ಲಿ ಶುಭಂ ಜೈನ್ ಜೊತೆಗೂಡಿ ಟೈಟಾನಿಯಂ ಮೇಲೆ ಅಂಥದೇ ಕಂಬಗಳನ್ನು ಕ್ಲೋರಿನ್ ಪ್ಲಾಸ್ಮಾದಲ್ಲಿ ಕೊರೆದರು. ಬೆಳಕು ಹೊರಬರದ ಆ ಮೈ ಕಪ್ಪಾಗಿ ಕಾಣುತ್ತಿತ್ತು. 2017ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಅದರ ಮೇಲೆ ಕೂತ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಶೇ 95, ಸ್ಯೂಡೋಮೊನಾಸ್‌ನಲ್ಲಿ ಶೇ 98 ಸತ್ತವು. ಅದೇ ಮೈಮೇಲೆ ಮನುಷ್ಯನ ಕಾಂಡಕೋಶಗಳು ಬದುಕಿ ಮೂಳೆಯತ್ತ ಸಾಗಿದವು. ಆದರೆ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಅತಿ ಹೆಚ್ಚು ಕಾಡುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೊದಲ ನಾಲ್ಕು ಗಂಟೆಯಲ್ಲಿ ಸತ್ತದ್ದು ಶೇ 22 ಮಾತ್ರ. ಅದರ ಹೊರಗೋಡೆ ದಪ್ಪ, ಸುಲಭಕ್ಕೆ ಹರಿಯುವುದಿಲ್ಲ. ಈ ಅಂಕಿಯನ್ನು ಮುಚ್ಚಿಡದೆ ಸಾರಾಂಶದಲ್ಲೇ ಬರೆದ ಪ್ರಾಮಾಣಿಕತೆಗೆ ನನ್ನ ಗೌರವವಿದೆ.

2018ರಲ್ಲಿ ಇದೇ ಗುಂಪು ಅಲ್ಯೂಮಿನಿಯಂ ಕಡೆ ತಿರುಗಿತು. ದೇಹದೊಳಗೆ ಇಡಲಿಕ್ಕಲ್ಲ, ಆಸ್ಪತ್ರೆಯಲ್ಲಿ ನೂರು ಕೈ ಮುಟ್ಟುವ ಲೋಹಕ್ಕಾಗಿ. ಒಂದೇ ಹಂತದಲ್ಲಿ ರಾಸಾಯನಿಕದಿಂದ ಕೊರೆದು ಮಿಶ್ರಲೋಹದ ಮೈಮೇಲೆ ಮೈಕ್ರೋ ಮತ್ತು ನ್ಯಾನೋ ಏರುತಗ್ಗುಗಳನ್ನು ಒಟ್ಟಿಗೇ ಮೂಡಿಸಿದರು. ಔಷಧಕ್ಕೆ ಬಗ್ಗದ ಆಸ್ಪತ್ರೆಯ ಬ್ಯಾಕ್ಟೀರಿಯಾಗಳನ್ನೇ ತಂದು ಅದರ ಮೇಲೆ ಬಿಟ್ಟರು. ನಯವಾದ ಲೋಹಕ್ಕಿಂತ ಇಲ್ಲಿ ಅಂಟಿದ್ದು ಕಡಿಮೆ, ಅಂಟಿದವುಗಳಲ್ಲಿ ಬದುಕಿದ್ದೂ ಕಡಿಮೆ. 2020ರಲ್ಲಿ ಹಸನ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಿಂದ, ಕೊರೆದ ಅಲ್ಯೂಮಿನಿಯಂ ಮೇಲೆ ಉಸಿರಾಟದ ವೈರಸ್‌ಗಳೂ ಬೇಗ ನಿಷ್ಕ್ರಿಯವಾಗುತ್ತವೆ ಎಂಬ ಫಲಿತಾಂಶವನ್ನು ಆ ಮೈಯ ಗಟ್ಟಿತನದ ಪರೀಕ್ಷೆಯ ಜೊತೆಗೇ ಪ್ರಕಟಿಸಿದರು.

ಗಟ್ಟಿತನವೇ ಈಗಿನ ಪ್ರಶ್ನೆ. ವಾರ್ಡಿನ ಮಂಚದ ಕಂಬಿಯನ್ನು ದಿನಕ್ಕೆ ಹಲವು ಸಲ ಫಿನಾಯಿಲ್ ಬಟ್ಟೆಯಲ್ಲಿ ಉಜ್ಜುತ್ತಾರೆ. ಬಾಗಿಲ ಹಿಡಿಗೆ ಬಳೆ, ಉಂಗುರ, ಕೀಲಿಕೈ ತಾಗುತ್ತದೆ. ಕೆಲವು ನೂರು ನ್ಯಾನೋಮೀಟರ್ ಎತ್ತರದ ತುದಿಗಳು ಎಷ್ಟು ತಿಂಗಳು ತಾಳಬೇಕು, ಅವುಗಳ ಸಂದಿಯಲ್ಲಿ ಕೈಯ ಜಿಡ್ಡು ತುಂಬಿಕೊಂಡರೆ ಹೇಗೆ ತೆಗೆಯಬೇಕು, ಸವೆದ ಮೇಲೆ ಅದೇ ಕಂಬಿಯನ್ನು ಮತ್ತೆ ಕೊರೆಯಬಹುದೇ, ಮಿಶ್ರಲೋಹದ ದರ್ಜೆ ಬದಲಾದರೆ ತುದಿಗಳ ಆಕಾರ ಹೇಗೆ ಬದಲಾಗುತ್ತದೆ: ಇವೆಲ್ಲ ಲೋಹ ಬಲ್ಲವರು ಮತ್ತು ಸೋಂಕು ಬಲ್ಲವರು ಒಂದೇ ಮೇಜಿನ ಮುಂದೆ ಕೂತು ಮಾಡಬೇಕಾದ ಪರೀಕ್ಷೆಗಳು.